ನೆಲ ಡೊಂಕೇ ಇತ್ತು

ಹಲ್ಲಕ್ಕ ಎಂಬುದು ಅವಳ ಹೆಸರಲ್ಲ. ಆದರೆ ಮಾರುಕಟ್ಟೆ ಬೀದಿಯ ವಿಡಿಯೋ ಆಟದಂಗಡಿಯಲ್ಲಿ ಅವಳನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಅದರ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸುವುದು. ಹಗಲೆಲ್ಲ ಊರವರಿಗೆ ಬಾಯಿ ಕಟ್ಟಿಕೊಡುವ ಈ ಹೆಂಗಸಿನ ಬಾಯಿ ಕಟ್ಟಿಹಾಕುವವರು ಮಾತ್ರ ಆ ಅಂಗಡಿಯಲ್ಲಿ ಯಾರೂ ಇರಲಿಲ್ಲ.

ವಯಸ್ಸು ಐವತ್ತರ ಹತ್ತಿರ. ಮದುವೆಯಾಗಿ ಬರುವಾಗಲೇ ಬಟ್ಟೆಯ ಪೆಟ್ಟಿಗೆಯ ಜೊತೆ ಒಂದು ಗೇಮ್ ಕನ್ಸೋಲನ್ನೂ ಹೊತ್ತು ತಂದಿದ್ದಳು. ಅದು ಸತ್ತ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಗಂಡ ಬಸ್ಸು ಓಡಿಸುವವನು. ದಿನವಿಡೀ ಒಂದು ಗಾಜಿನ ಮುಂದೆ ಕೂತು ಬಂದವನಿಗೆ ಮನೆಯಲ್ಲಿ ಇನ್ನೊಂದು ಗಾಜು ನೋಡುವ ಆಸೆ ಇರಲಿಲ್ಲ. ಹಾಗಾಗಿ ಟೀವಿ ಅನಾಯಾಸವಾಗಿ ಇವಳ ಪಾಲಿಗೆ ಬಂದಿತ್ತು. ತಕರಾರು ಇದ್ದದ್ದು ಅತ್ತೆಯದು.

"ಈ ವಯಸ್ಸಲ್ಲಿ ಇದು ನಿನಗೆ ಶೋಭೆ ಕೊಡುತ್ತೇನೇ?" ಎಂದು ಆಕೆ ಆಗಾಗ ಕೇಳುತ್ತಿದ್ದಳು.

"ಶೋಭೆಗೆ ಆಡ್ತಿಲ್ಲ ಅತ್ತೆ, ಗೆಲ್ಲೋಕೆ ಆಡ್ತಿದೀನಿ," ಎಂದು ಇವಳು ತಿರುಗಿಯೂ ನೋಡದೆ ಹೇಳುತ್ತಿದ್ದಳು.

ಅವಳ ಪ್ರಾಣವೆಲ್ಲ ಇದ್ದದ್ದು 'ಕಡಲ ಕಾವಲು' ಎಂಬ ಆಟದ ಸರಣಿಯಲ್ಲಿ. ಮೊದಲ ಭಾಗದಲ್ಲಿ ಕಿವಿ ಹರಿದ ಕಪ್ತಾನನೊಬ್ಬ ಮುರುಕು ಹಡಗಿನಲ್ಲಿ ಕಡಲ್ಗಳ್ಳರ ಬೆನ್ನು ಹತ್ತಿ, ಬಿರುಗಾಳಿಗೆ ಸಿಕ್ಕಿ, ಹೇಗೋ ದಡ ಸೇರುತ್ತಾನೆ. ಎರಡನೆಯದರಲ್ಲಿ ಅವನ ಹಡಗೂ ದೊಡ್ಡದು, ಶತ್ರುಗಳೂ ದೊಡ್ಡವರು. ಇವೆರಡನ್ನು ಹಲ್ಲಕ್ಕ ಕಣ್ಣು ಕಟ್ಟಿದರೂ ಆಡಬಲ್ಲಳು. ಮೂರನೆಯ ಭಾಗ ಬಂದಾಗ ನೋಡಿದರೆ ಕಪ್ತಾನನೇ ನಾಪತ್ತೆ. ಅವನ ಜಾಗದಲ್ಲಿ ದೀಪಸ್ತಂಭ ಕಾಯುವ ಒಬ್ಬ ಮುದುಕಿ. ಎಣ್ಣೆ ಹೊರುವುದು, ಬತ್ತಿ ಕತ್ತರಿಸುವುದು, ಗಾಜು ಒರೆಸುವುದು, ದೂರದ ಹಡಗುಗಳಿಗೆ ಬೆಳಕು ತೋರುವುದು, ಇಷ್ಟೇ. ಕತ್ತಿ ಹಿಡಿಯುವ ಮಾತೇ ಇಲ್ಲ. ಹಲ್ಲಕ್ಕ ಅದನ್ನು ಹಲ್ಲು ಕಚ್ಚಿಕೊಂಡು ಓಡಿ ಓಡಿ ಮುಗಿಸಿದಳು. ಆಮೇಲೆ ಅಂಗಡಿಗೆ ಬಂದು, "ಇದು ಆಟವಲ್ಲ, ಮನೆಗೆಲಸ. ಅದು ನನಗೆ ಮನೇಲೇ ಬೇಕಾದಷ್ಟಿದೆ," ಎಂದಳು. ಮಾತು ಬಾಯಿಂದ ಬಾಯಿಗೆ ಹಾರಿತು. ಅಂದಿನಿಂದ ಆ ಭಾಗಕ್ಕೆ 'ಮನೆಗೆಲಸ' ಎಂದೇ ಹೆಸರು ಬಿತ್ತು. ನಾಲ್ಕನೆಯದರಲ್ಲಿ ಕಪ್ತಾನ ಮರಳಿ ಬಂದಾಗ ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು.

ಭಾನುವಾರ ಸಂಜೆ ಅಂಗಡಿಯ ಒಳಕೋಣೆಯಲ್ಲಿ ಇವರ ಪಂಚಾಯಿತಿ. ಗೋಡೆಗೆ ದೊಡ್ಡ ಪರದೆ, ಎದುರಿಗೆ ಸ್ಪ್ರಿಂಗು ಕಿತ್ತ ಸೋಫಾ, ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು. ಅಂಗಡಿಯ ಯಜಮಾನ ಮೂಲೆಯಲ್ಲಿ ಕೆಟ್ಟ ಕಂಟ್ರೋಲರುಗಳ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತಿದ್ದ. ಎಲ್ಲರೂ ಗಿರಾಕಿಗಳೇ ಆದ್ದರಿಂದ ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ. ಅಲ್ಲಿ ಹಲ್ಲಕ್ಕನಿಗೆ ಸರಿಸಾಟಿಯಾಗಿ ಮಾತಾಡುವವನೆಂದರೆ ಲಿಫ್ಟು ರಿಪೇರಿ ಮಾಡುವ ಒಬ್ಬ ಆಸಾಮಿ. ಅವನಿಗೆ 'ಲಿಫ್ಟು' ಎಂದೇ ಅಡ್ಡಹೆಸರು. ವಾದಕ್ಕೆ ನಿಂತರೆ ಮೇಲೆ ಮೇಲೆ ಹೋಗುವುದೇ ಹೊರತು ಕೆಳಗಿಳಿಯುವ ಜಾಯಮಾನ ಅವನದಲ್ಲ.

ಐದನೆಯ ಭಾಗ ಬಂತು. ಲಿಫ್ಟು ಅದನ್ನು ತಲೆಯ ಮೇಲೆ ಹೊತ್ತು ಕುಣಿದ. ಕಪ್ತಾನನ ಕೂಗು, ಉರಿಯುವ ಹಡಗುಗಳು, ಹಿಂದಿನ ಎಲ್ಲ ಶತ್ರುಗಳ ಮೆರವಣಿಗೆ. ಯಾರು ಏನು ಕೇಳಿದ್ದರೋ ಅದೆಲ್ಲ ಅದರಲ್ಲಿತ್ತು. ಹಲ್ಲಕ್ಕನೂ ಆಸೆಯಿಂದ ಶುರು ಮಾಡಿದಳು. ಅರ್ಧ ಹಾದಿ ಬರುವಷ್ಟರಲ್ಲಿ ಆಕಳಿಕೆ ಬಂತು. ಕಡಲ ಕಾವಲು ಆಡುವಾಗ ಆಕಳಿಕೆ. ತನಗೇ ವಯಸ್ಸಾಯಿತೇನೋ ಎಂದು ಒಳಗೊಳಗೇ ದಿಗಿಲುಬಿದ್ದಳು, ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಲೋಟ ಹಿಡಿದರೂ ಜೀವ ಹೋಗುವ ಹಾಗೆ. ಮೂಳೆ ಡಾಕ್ಟರು ಬೆರಳನ್ನು ಅತ್ತ ಇತ್ತ ಬಗ್ಗಿಸಿ ಹೇಳಿದರು. "ಲ್ಯಾಬಲ್ಲಿ ಇದೇ ಬೆರಳು, ಆಟಕ್ಕೂ ಇದೇ ಬೆರಳು. ಯಾವುದಾದ್ರೂ ಒಂದು ಬಿಡಿ."

"ಅದು ಹೊಟ್ಟೆಪಾಡು, ಬಿಡೋಕಾಗಲ್ಲ. ಇದನ್ನ ಬಿಡಲ್ಲ," ಎಂದಳು ಹಲ್ಲಕ್ಕ.

"ಹಾಗಾದ್ರೆ ಎರಡನ್ನೂ ನಾನೇ ಬಿಡಿಸ್ತೀನಿ," ಎಂದು ಡಾಕ್ಟರು ಹೆಬ್ಬೆರಳನ್ನು ಮಣಿಕಟ್ಟಿನವರೆಗೆ ಪಟ್ಟಿ ಹಾಕಿ ಕಟ್ಟಿಬಿಟ್ಟರು.

ಲ್ಯಾಬಿಗೆ ರಜೆ. ಮನೆಯಲ್ಲಿ ಕೂತರೆ ಗೋಡೆ ತಿನ್ನಲು ಬರುತ್ತಿತ್ತು. ಐದನೆಯದನ್ನು ಒಂದೂವರೆ ಕೈಯಲ್ಲಿ ಆಡುವುದು ಸಾಧ್ಯವೇ ಇರಲಿಲ್ಲ. ಇರುವುದರಲ್ಲಿ ನಿಧಾನದ ಆಟ ಯಾವುದೆಂದು ಕಪಾಟು ತಡಕಿದಾಗ ಸಿಕ್ಕಿದ್ದು ಅದೇ ಮನೆಗೆಲಸ. ಬೇರೆ ದಾರಿಯಿಲ್ಲದೆ ಹಾಕಿಕೊಂಡು, ತೋರುಬೆರಳಿನಿಂದ ಒಂದೊಂದೇ ಗುಂಡಿಯನ್ನು ಕೋಳಿ ಕಾಳು ಕುಟುಕಿದ ಹಾಗೆ ಒತ್ತತೊಡಗಿದಳು.

ಅತ್ತೆ ಕಿಟಕಿಯ ಪಕ್ಕ ಕೂತು ಬಟ್ಟೆ ಮಡಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೈ ನಿಂತಿತು.

"ಇವತ್ತು ಯಾಕೆ ಯಾರೂ ಸಾಯ್ತಿಲ್ಲ?"

"ಇದರಲ್ಲಿ ಯಾರೂ ಸಾಯಲ್ಲ ಅತ್ತೆ. ಅದೇ ಇದರ ತೊಂದರೆ."

"ಆ ಹೆಂಗಸು ಯಾರು?"

"ದೀಪ ಕಾಯೋಳು."

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಗಾಜು ಸರಿಯಾಗಿ ಒರೆಸಿಲ್ಲ. ಮೂಲೇಲಿ ಮಸಿ ಹಾಗೇ ಇದೆ ನೋಡು. ನೀನು ಮನೇಲೂ ಹೀಗೇ."

ಹಲ್ಲಕ್ಕ ಮುಖ ಗಂಟಿಕ್ಕಿಕೊಂಡೇ ಮೂಲೆಗೆ ಬಟ್ಟೆ ಒಯ್ದಳು. ಆಟ ಅದನ್ನು ಮಾಡೆಂದು ಎಲ್ಲೂ ಹೇಳಿರಲಿಲ್ಲ. ಮಸಿ ಹೋಯಿತು. ಬೆಳಕು ಬಂಡೆಗಳನ್ನು ದಾಟಿ ಆಚೆಗೆ ಚಾಚಿತು. ಅಲ್ಲಿ, ಮೊದಲ ಸಲ ಅವಳು ಕಂಡೇ ಇರದ ಒಂದು ಹಡಗು ಮಂಜಿನಲ್ಲಿ ತಡವರಿಸುತ್ತಿತ್ತು. ಅದರ ಮೇಲಿದ್ದ ಸಣ್ಣ ದೀಪ ಮಿಣುಕಿತು, ಆರಿತು, ಮತ್ತೆ ಮಿಣುಕಿತು.

"ಅವನು ಏನೋ ಕೇಳ್ತಿದಾನೆ," ಎಂದಳು ಅತ್ತೆ. "ಎಷ್ಟು ಹೊತ್ತು ಕಾಯಿಸ್ತೀಯಾ? ಏನಾದ್ರೂ ಹೇಳು."

ಹೇಳುವುದು ಹೇಗೆ? ಹಲ್ಲಕ್ಕನಿಗೆ ಥಟ್ಟನೆ ಹೊಳೆಯಿತು. ಮುದುಕಿಯ ಕೈಯಲ್ಲಿದ್ದ ಬಟ್ಟೆಯನ್ನು ಗಾಜಿಗೆ ಅಡ್ಡ ಹಿಡಿದಳು, ತೆಗೆದಳು. ಮೂರು ಸಲ. ಹಡಗು ನಿಧಾನವಾಗಿ ಹೊರಳಿ ಬಂಡೆ ತಪ್ಪಿಸಿಕೊಂಡು ಸ್ತಂಭದ ಕೆಳಗೇ ಹಾದುಹೋಯಿತು. ಚುಕ್ಕಾಣಿ ಹಿಡಿದು ನಿಂತಿದ್ದವನ ಒಂದು ಕಿವಿ ಹರಿದಿತ್ತು.

ಹಲ್ಲಕ್ಕ ಕಂಟ್ರೋಲರನ್ನು ತೊಡೆಯ ಮೇಲಿಟ್ಟಳು. ಮೊದಲ ಭಾಗದ ಬಿರುಗಾಳಿಯಲ್ಲಿ, ಕಪ್ತಾನ ಇನ್ನೇನು ಮುಳುಗಿದ ಎನ್ನುವಾಗ, ದೂರದಲ್ಲಿ ಏನೋ ಮೂರು ಸಲ ಮಿಂಚುತ್ತಿತ್ತು. ಇಷ್ಟು ವರ್ಷ ಅದನ್ನು ಬರೀ ಮಿಂಚು ಅಂದುಕೊಂಡಿದ್ದಳು. ಅವನು ದಡ ಸೇರಿದ್ದು ಹೇಗೋ ಅಲ್ಲ, ಈ ಮುದುಕಿಯ ಬೆಳಕು ಹಿಡಿದು. ಅತ್ತೆಗೆ ಇದನ್ನೆಲ್ಲ ಒಂದೇ ಉಸಿರಿನಲ್ಲಿ ವಿವರಿಸಿದಳು. ಅತ್ತೆ, "ಪಾಪ, ಹುಡುಗ ನೆನೆದು ತೊಪ್ಪೆಯಾಗಿದ್ದ," ಎಂದಷ್ಟೇ ಹೇಳಿ ಮತ್ತೆ ಬಟ್ಟೆ ಕೈಗೆತ್ತಿಕೊಂಡಳು.

ಮರುದಿನದಿಂದ ಮಧ್ಯಾಹ್ನವಾದರೆ ಅತ್ತೆಯೇ, "ಏನೇ, ದೀಪ ಹಚ್ಚಲ್ವಾ?" ಎನ್ನತೊಡಗಿದಳು. ಇಬ್ಬರೂ ಕೂಡಿ ಆಟವನ್ನು ಮೂಲೆ ಮೂಲೆ ಒರೆಸಿ ಮುಗಿಸಿದರು.

ಭಾನುವಾರ ಹಲ್ಲಕ್ಕ ಪಟ್ಟಿ ಕಟ್ಟಿದ ಕೈಯಲ್ಲೇ ಅಂಗಡಿಗೆ ಹೋಗಿ, ಕೂರುವುದಕ್ಕೂ ಮೊದಲೇ ಹೇಳಿದಳು. "ಮೂರನೆಯದೇ ಎಲ್ಲಕ್ಕಿಂತ ಒಳ್ಳೇದು. ಐದನೆಯದು ಟೊಳ್ಳು."

ಲಿಫ್ಟು ಸೋಫಾದಲ್ಲಿ ನೆಟ್ಟಗೆ ಕೂತ.

"ಅಕ್ಕ, ಅದನ್ನ ಮನೆಗೆಲಸ ಅಂದವರು ನೀವೇ."

"ಹೌದು, ಅಂದೆ. ಈಗ ಅಲ್ಲ ಅಂತೀನಿ. ಆಗಲೂ ನಾಲಿಗೆ ನಂದೇ, ಈಗಲೂ ನಂದೇ."

"ಐದನೆಯದರಲ್ಲಿ ಏನು ಕಮ್ಮಿ, ಅದನ್ನಾದ್ರೂ ಹೇಳಿ."

"ಏನೂ ಕಮ್ಮಿಯಿಲ್ಲ, ಅದೇ ಅದರ ರೋಗ. ಕಟ್ಟುಹಲ್ಲು ಮಾಡಿಸೋರೆಲ್ಲ ಹಲ್ಲು ಒಂದೇ ಸಾಲು, ಒಂದೇ ಬಿಳುಪು ಇರಲಿ ಅಂತಾರೆ. ಕೇಳಿದ ಹಾಗೇ ಮಾಡಿಕೊಟ್ರೆ ನಕ್ಕಾಗ ಬಾಯಿ ಕಾಣಲ್ಲ, ಬರೀ ಹಲ್ಲಿನ ಸೆಟ್ಟು ಕಾಣುತ್ತೆ. ಈ ಆಟಾನೂ ಹಾಗೇ. ನಾವು ಕೇಳಿದ್ದನ್ನೆಲ್ಲ ಸಾಲಾಗಿ ಕೂರಿಸಿದಾರೆ. ನಾವು ಕೇಳದೇ ಇದ್ದದ್ದು ಒಂದೂ ಇಲ್ಲ."

ಲಿಫ್ಟುವಿನ ಕಣ್ಣು ಅವಳ ಹೆಬ್ಬೆರಳಿನ ಪಟ್ಟಿಯ ಮೇಲೆ ಬಿತ್ತು, ಮುಖ ಅರಳಿತು.

"ಈಗ ಗೊತ್ತಾಯ್ತು ಬಿಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಕೋಣೆಯೆಲ್ಲ ನಗು. ಯಜಮಾನ ಕೂಡ ಸ್ಕ್ರೂ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ. ಹಲ್ಲಕ್ಕನ ಕಿವಿ ಬಿಸಿಯಾಯಿತು. ನಗು ಮುಗಿಯುವವರೆಗೆ ನಿಂತಿದ್ದು ಹೇಳಿದಳು. "ಬೆರಳು ವಾಸಿಯಾಗಲಿ. ಕುಣಿದೇ ಹೇಳ್ತೀನಿ."

ಮನೆಯಲ್ಲಿ ಗಂಡನಿಗೆ ಇದು ಮೊದಲು ಅರ್ಥವಾಗಲಿಲ್ಲ. "ಅವರು ಏನೋ ಅಂದ್ರೆ ನಿನಗೇನಂತೆ? ಬಿಟ್ಟುಬಿಡು."

"ನನ್ನ ಮಾತು ತಪ್ಪು ಅಂದಿದ್ರೆ ಜಗಳ ಆಡಿ ಬರ್ತಿದ್ದೆ. ಮಾತನ್ನ ಕೇಳಲೇ ಇಲ್ಲ, ಬೆರಳು ನೋಡಿ ನಕ್ಕರು."

ಗಂಡ ಶೂ ಬಿಚ್ಚುತ್ತಿದ್ದವನು ತಲೆ ಎತ್ತಿದ. "ರಸ್ತೆ ಸರಿಯಿಲ್ಲ ಅಂದ್ರೆ ನಮಗೂ ಹೀಗೇ ಅಂತಾರೆ, ನಿಂಗೆ ಓಡಿಸೋಕೆ ಬರಲ್ಲ ಅಂತ." ಇನ್ನೊಂದು ಶೂ ಬಿಚ್ಚಿ ಪಕ್ಕಕ್ಕಿಟ್ಟ. "ಹಾಗಿದ್ರೆ ಬಿಡಬೇಡ."

ಪಟ್ಟಿ ಬಿಚ್ಚಿದ ಮೇಲೆ ಹಲ್ಲಕ್ಕ ಲ್ಯಾಬಿಗೆ ಮರಳಿದಳು. ಬಿಡುವಾದಾಗಲೆಲ್ಲ ಮೇಣದ ಉಂಡೆಯೊಂದನ್ನು ನಾದುತ್ತ ಬೆರಳಿಗೆ ಕಸುವು ಬರಿಸಿಕೊಂಡಳು. ಮನೆಯಲ್ಲಿ ಐದನೆಯ ಭಾಗವನ್ನು ಮತ್ತೆ ಮೊದಲಿನಿಂದ ಹಾಕಿದಳು, ಅದೂ 'ಬಿರುಗಾಳಿ' ಎಂಬ ಅತಿ ಕಷ್ಟದ ಹಂತದಲ್ಲಿ. ಆ ಹಂತವನ್ನು ಲಿಫ್ಟು ಕೂಡ ಮುಟ್ಟಿ ಬಿಟ್ಟವನೇ. ಸೋತಳು, ಬೈದಳು, ಬೆರಳಿಗೆ ಮುಲಾಮು ಹಚ್ಚಿಕೊಂಡಳು, ಮತ್ತೆ ಕೂತಳು. ಇಷ್ಟವಿಲ್ಲದ್ದನ್ನು ಇಷ್ಟು ಶ್ರದ್ಧೆಯಿಂದ ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಆಡಿದಷ್ಟೂ ಅದರ ಒಳ್ಳೆಯದೂ ಕಂಡಿತು: ಅಲೆಗಳನ್ನು ನಿಜಕ್ಕೂ ಚೆನ್ನಾಗಿ ಮಾಡಿದ್ದರು, ಹಗ್ಗ ಎಳೆದರೆ ಹಗ್ಗದ ಭಾರವೇ ಕೈಗೆ ಬರುತ್ತಿತ್ತು. ಅದನ್ನೂ ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಳು. ಆದರೂ ಆಕಳಿಕೆ ನಿಲ್ಲಲಿಲ್ಲ.

"ಇವನು ಎಷ್ಟು ಕಿರುಚ್ತಾನೆ," ಎಂದು ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಕೊನೆಯ ಕಾಳಗವೊಂದು ಉಳಿದಾಗ ಹಲ್ಲಕ್ಕ ಅಲ್ಲಿಗೇ ನಿಲ್ಲಿಸಿ, ಕನ್ಸೋಲನ್ನು ಚೀಲಕ್ಕೆ ಹಾಕಿಕೊಂಡು ಭಾನುವಾರ ಅಂಗಡಿಗೆ ಹೊರಟಳು. ಯಜಮಾನ ತಂತಿ ಜೋಡಿಸಿಕೊಟ್ಟ. ಪರದೆಯ ಮೂಲೆಯಲ್ಲಿ 'ಬಿರುಗಾಳಿ' ಎಂಬ ಪದ ಕಂಡದ್ದೇ ಕುರ್ಚಿಗಳೆಲ್ಲ ಮುಂದಕ್ಕೆ ಸರಿದವು.

ಆ ಕೊನೆಯ ಕಾಳಗದ ಶತ್ರುವಾದ ಕರಿ ಹಡಗು ಮೊದಲ ಸಲ ಅವಳ ಹಡಗನ್ನು ಎರಡು ಹೋಳು ಮಾಡಿತು. ಎರಡನೆಯ ಸಲ ಗೆಲುವು ಇನ್ನೇನು ಕೈಗೆ ಬಂತು ಎನ್ನುವಾಗ ಹೆಬ್ಬೆರಳು ಜುಂ ಎಂದಿತು, ಹಡಗು ಮುಳುಗಿತು.

"ಸಾಕು ಅಕ್ಕ," ಎಂದ ಲಿಫ್ಟು. ಈ ಸಲ ಅವನ ದನಿಯಲ್ಲಿ ಕುಹಕ ಇರಲಿಲ್ಲ. "ಕೈ ಕೆಟ್ಟೀತು."

"ಕೈ ಸುದ್ದಿ ನಿನಗೆ ಬೇಡ," ಎಂದು ಅವಳು ಮತ್ತೆ ಶುರು ಮಾಡಿದಳು. ಹಾಯಿ ಇಳಿಸಿದಳು, ಅಲೆಯ ಬೆನ್ನಿಗೆ ಹಡಗು ಒಡ್ಡಿದಳು, ಕರಿ ಹಡಗು ಹೊರಳುವ ತನಕ ತಾಳ್ಮೆಯಿಂದ ಕಾದು ಅದರ ಪಕ್ಕೆಗೆ ನುಗ್ಗಿಸಿದಳು. ಮರ ಸೀಳಿದ ಸದ್ದಿಗೆ ಕೋಣೆ ನಡುಗಿತು. ಕರಿ ಹಡಗು ಮೂಗು ಕೆಳಗೆ ಮಾಡಿ ಮುಳುಗಿತು. ಹಿಂದಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಲಿಫ್ಟುವೂ ತಟ್ಟಿದ.

ಹಲ್ಲಕ್ಕ ಕಂಟ್ರೋಲರು ಕೆಳಗಿಟ್ಟು ಬೆರಳು ನೀವಿಕೊಂಡಳು. ಚಪ್ಪಾಳೆ ನಿಲ್ಲಲೆಂದು ಕಾದಳು.

"ಕುಣಿದಿದ್ದು ನೋಡಿದ್ರಲ್ಲ? ಈಗ ಹೇಳ್ತೀನಿ ಕೇಳಿ. ನೆಲ ಡೊಂಕೇ ಇದೆ. ಮೂರನೆಯದೇ ಒಳ್ಳೇದು."

ಅರ್ಧ ಜನ ನಕ್ಕರು, ಅರ್ಧ ಜನ ಗೊಣಗಿದರು. ಲಿಫ್ಟು ತಲೆ ಅಲ್ಲಾಡಿಸಿದ. "ನಿಮ್ಮಷ್ಟು ಚೆನ್ನಾಗಿ ಆಡೋರು ಇಲ್ಲಿ ಯಾರೂ ಇಲ್ಲ ಅಕ್ಕ, ಒಪ್ಪಿದೆ. ಆದ್ರೆ ನೀವು ಹೇಳ್ತಿರೋದು ಶುದ್ಧ ತಪ್ಪು. ಒಂದು ಬಟ್ಟೆ, ಒಂದು ಗಾಜು. ಅದೂ ಒಂದು ಆಟವಾ?"

"ಹಾಂ, ಹೀಗೆ ಮಾತಾಡು," ಎಂದಳು ಹಲ್ಲಕ್ಕ, ಸೋಫಾದಲ್ಲಿ ಅವನ ಪಕ್ಕಕ್ಕೆ ಸರಿದು ಕೂರುತ್ತ. "ಗಾಜಿನ ಮೂಲೆ ಒರೆಸಿದ್ಯಾ?"

"ಯಾವ ಮೂಲೆ?"

"ಒರೆಸದೇ ಇದ್ದೋನಿಗೆ ಏನು ಹೇಳಲಿ? ನೋಡು, ಇನ್ನೊಂದು ಹೇಳ್ತೀನಿ, ಸೋಫಾ ಗಟ್ಟಿಯಾಗಿ ಹಿಡ್ಕೊ. ಎರಡನೆಯ ಭಾಗವೂ ನನಗೆ ಈಗೀಗ ಅಷ್ಟಕ್ಕಷ್ಟೇ."

ಇದಕ್ಕೆ ಯಜಮಾನನೇ ಸ್ಕ್ರೂಡ್ರೈವರು ಕೆಳಗಿಟ್ಟು ಎದ್ದ. ಎರಡನೆಯದು ಅವನ ಪ್ರಾಣ. ಅಷ್ಟು ವರ್ಷ ಯಾರ ಪಕ್ಷವನ್ನೂ ವಹಿಸದ ಮನುಷ್ಯ ಅಂದು ಅಂಗಡಿ ಮುಚ್ಚುವ ಹೊತ್ತಾದರೂ ಬಾಯಿ ಮುಚ್ಚಲಿಲ್ಲ. ಯಾರೂ ಯಾರನ್ನೂ ಒಪ್ಪಿಸಲಿಲ್ಲ.

ಕನ್ಸೋಲಿನ ಚೀಲ ಹೆಗಲಿಗೇರಿಸಿಕೊಂಡು ಹಲ್ಲಕ್ಕ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ತಡೆದಳು. ಸಂಜೆಯಿಂದ ಅದನ್ನೇ ಯೋಚಿಸುತ್ತಿದ್ದಳಂತೆ. ಆ ದೀಪದ ಹೆಂಗಸು ಕೊನೆಯಲ್ಲಿ ಕೀಲಿಯನ್ನು ಹೊಸಬಳಿಗೆ ಕೊಟ್ಟು ದೋಣಿ ಹತ್ತಿ ಹೋದದ್ದು ಆಕೆಗೆ ಸ್ವಲ್ಪವೂ ಸರಿಬಂದಿರಲಿಲ್ಲ.

"ಅಷ್ಟು ವರ್ಷ ಕಾದೋಳು ಹಾಗೆ ಎದ್ದು ಹೋಗ್ತಾಳಾ? ಬರೆದವರಿಗೆ ಬುದ್ಧಿ ಇಲ್ಲ."

"ಅದೇ ಇಡೀ ಆಟದಲ್ಲಿ ಚೆನ್ನಾಗಿರೋದು ಅತ್ತೆ," ಎಂದು ಹಲ್ಲಕ್ಕ ಚಪ್ಪಲಿ ಬಿಡುವ ಮೊದಲೇ ಜಗಳಕ್ಕೆ ನಿಂತಳು.