ಕಮಲಾಪುರ ಶಾಖೆಯ ತಿಳಿವಳಿಕೆ ಸಭೆ

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ, ಪತ್ತಿನ ಸಂಘದ ಗುಮಾಸ್ತ ನಾನು. ಇದನ್ನು ಹೇಳಲು ನನಗಿಂತ ಬಲ್ಲವರಿದ್ದಾರೆ. ದೊಡ್ಡ ಮಾತಾಡಿದರೆ ಕ್ಷಮಿಸಬೇಕು.

ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಭಾಗದ ಪತ್ತಿನ ಸಂಘಗಳು ಒಂದರ ಹಿಂದೊಂದು ಮುಳುಗಿದ್ದವು. ಕಮಲಾಪುರಕ್ಕೆ ಆ ಭಯ ಇನ್ನೂ ಹೋಗಿಲ್ಲ. ಕಳೆದ ತಿಂಗಳು ನಮ್ಮ ಸಂಘದ ಬಗ್ಗೆಯೂ ಗುಸುಗುಸು ಎದ್ದಿತು. ಲೆಕ್ಕವನ್ನು ನಾನು ಎರಡೆರಡು ಸಲ ಕೂಡಿಸಿ ನೋಡಿದ್ದೆ, ಸಂಘ ಗಟ್ಟಿಯಾಗಿತ್ತು. ಆದರೆ ಎಲ್ಲರೂ ಒಂದೇ ದಿನ ಠೇವಣಿ ಕೇಳಿದರೆ ಯಾವ ಸಂಘವೂ ನಿಲ್ಲದು. ಹಣವೆಲ್ಲ ಬಾಳೆ ತೋಟಗಳ, ಅಂಗಡಿಗಳ ಸಾಲದಲ್ಲಿರುತ್ತದೆ.

ಶಾಖೆ ಉಳಿಸಲು ಕಾರ್ಯದರ್ಶಿ ದೇವೀಂದ್ರಪ್ಪನವರು 'ಹಿಂದಿನ ಬಿಕ್ಕಟ್ಟಿನ ಪಾಠಗಳು' ಎಂಬ ಸಭೆ ಕರೆದರು. ಭಾಷಣಕ್ಕೆ ಕಲಬುರಗಿಯ ಶಹಾಬಜಾರದಿಂದ ಇಮಾಮುದ್ದೀನ್ ಸಾಹೇಬರನ್ನು ಕರೆತಂದರು. ಹಿಂದೆ ಸಂಘಗಳು ಮುಳುಗಿದಾಗ ಪೂರ್ತಿ ಹಣ ವಾಪಸ್ ಪಡೆದ ಕೆಲವೇ ಜನರಲ್ಲಿ ಅವರೊಬ್ಬರು.

"ಘಾಬರಿ ಆಗಬ್ಯಾಡ್ರಿ. ಸಂಘ ಮುಳುಗೋದು ಘಾಬರಿಯಿಂದ," ಎಂದು ಅವರು ಚೆನ್ನಾಗಿಯೇ ಆರಂಭಿಸಿದರು. ದೇವೀಂದ್ರಪ್ಪನವರು ಸಮಾಧಾನದಿಂದ ತಲೆಯಾಡಿಸಿದರು.

ಬಳೆ ಅಂಗಡಿಯ ಗೌಸಿಯಾ ಎದ್ದು ನಿಂತಳು. "ಅದೆಲ್ಲಾ ಖರೇ ಚಾಚಾ. ನಿಮ್ಮ ರೊಕ್ಕ ಹ್ಯಾಂಗ ಬಂತು, ಅದು ಹೇಳ್ರಿ."

ಸಾಹೇಬರು ಸುಳ್ಳು ಹೇಳುವವರಲ್ಲ. "ನಸುಕಿನ ಫಜರ್ ನಮಾಜ್ ಮುಗಿಸಿ ಸೀದಾ ಹೋಗಿ ಪಾಳಿಗೆ ನಿಂತೆ ಬೇಟಿ. ನಾಷ್ಟಾ ಮಾಡಿ ಬಂದವರಿಗೆ ಬರೇ 'ರೊಕ್ಕ ಆಮ್ಯಾಲೆ ಕೊಡ್ತೀವಿ' ಅನ್ನೋ ಚೀಟಿ ಸಿಕ್ತು."

ಜೋರು ಚಪ್ಪಾಳೆ ಬಿತ್ತು. ಪಾಠ ಎಲ್ಲರಿಗೂ ಅರ್ಥವಾಗಿತ್ತು.

ಮರುದಿನ ನಾನು ಬೀಗ ತೆಗೆಯಲು ಹೋದಾಗ ಬಾಗಿಲ ಮುಂದೆ ಪಾಳಿ. ಎಲ್ಲರಿಗಿಂತ ಮುಂದೆ ವಿದ್ಯಾವತಿ, ದೇವೀಂದ್ರಪ್ಪನವರ ಹೆಂಡತಿ.

"ವೈನಿ, ನೀವೂ ಏನ್ರಿ?" ಎಂದೆ ಮೆಲ್ಲಗೆ.

"ನೀವು ಕರೆಸಿದ ಸಾಹೇಬ್ರೇ ಹೇಳ್ಯಾರಲ್ಲ ತಮ್ಮಾ. ನಾ ನಾಷ್ಟಾನೂ ಮಾಡಿಲ್ಲ."

"ಸೆಕ್ರೆಟ್ರಿ ಮನಿಯವ್ರೇ ಬಂದಾರಂದ್ರ ಮುಗೀತು ಬಿಡ್ರಿ!" ಹಿಂದಿನಿಂದ ಗೌಸಿಯಾ ಕೂಗಿದಳು. ಸುಮ್ಮನೆ ನೋಡಲು ಬಂದಿದ್ದವರೂ ಪಾಸ್‌ಬುಕ್ ತರಲು ಮನೆಗೆ ಓಡಿದರು.

ಮಧ್ಯಾಹ್ನಕ್ಕೆ ಹಣದ ಪೆಟ್ಟಿಗೆ ಖಾಲಿಯಾಯಿತು. ಗೌಸಿಯಾಳ ಸರದಿ ಬರುವಷ್ಟರಲ್ಲಿ ನಾನು ಚೀಟಿ ಬರೆಯತೊಡಗಿದ್ದೆ. ಅಂದು ಎಳೆದ ಶಟರ್ ಮತ್ತೆ ಎತ್ತಿಲ್ಲ.

ವಿದ್ಯಾವತಿಯವರಿಗೆ ಪೂರ್ತಿ ಹಣ ಸಿಕ್ಕಿತು. ಮುಂದಿನ ಬಿಕ್ಕಟ್ಟಿನ ಪಾಠ ಹೇಳಲು ಅವರನ್ನೇ ಕರೆಯಬಹುದು.

ಅವರು ತಾವಾಗಿಯೇ ಬಂದಿದ್ದರೋ, ದೇವೀಂದ್ರಪ್ಪನವರೇ ಕಳಿಸಿದ್ದರೋ? ಕೇಳಲು ನನಗೆ ಧೈರ್ಯವಾಗಲಿಲ್ಲ. ಗೊತ್ತಿಲ್ಲ.