ನಾಯಿಯ ಇಂಗ್ಲಿಷು

“ಥೂ, ಬಾಯಿ ಮುಚ್ಚೇ ಮುಂಡೆ! ಅದ್ರ ಹತ್ರ ಕನ್ನಡ ಆಡ್ಬೇಡ ಅಂತ ಎಷ್ಟ್ ಸಲ ಬಡ್ಕೊಬೇಕು ನಿಂಗೆ?”

ಎಸ್ಟೇಟಿನ ಯಜಮಾನ ನವೀನ್‌ಕುಮಾರ್ ಬಂಗಲೆಯ ಜಗಲಿಯಿಂದ ಕೂಗಿದ ರಭಸಕ್ಕೆ ಬೆಟ್ಟಮ್ಮ ಅನ್ನದ ಬೋಗುಣಿಯನ್ನು ಅಲ್ಲೇ ನೆಲಕ್ಕಿಟ್ಟಳು. ಅವಳು ಅಂದದ್ದು ಇಷ್ಟೇ: ಬಾ ಮಗ, ಉಣ್ಣು. ಅಂದದ್ದು ಬ್ರೂನೋ ಎಂಬ ನಾಯಿಗೆ. ಕರುವಿನಷ್ಟು ಎತ್ತರದ ಆ ಅಲ್ಸೇಷನ್ ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಕಲಿತು ಬಂದದ್ದು. ಕನ್ನಡ ಕಿವಿಗೆ ಬಿದ್ದರೆ ಕೆಟ್ಟುಹೋಗುತ್ತದೆ ಎಂದು ಯಜಮಾನನಿಗೆ ಭಯ.

“ಕಮ್ ಅನ್ನು.”

“ಕಮ್ಮು.”

“ಕಮ್ಮು ಅಲ್ವೇ ಬೋಳಿ. ಕಮ್. ಬಾಲ ಸೇರಿಸ್ಬೇಡ.”

ಬೆಟ್ಟಮ್ಮನ ಶಾಲೆ ಹೀಗೆ ಶುರುವಾಯಿತು. ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ, ಅವಳು ಅಂಗಳದಲ್ಲಿ, ನಾಯಿ ನಡುವೆ. ಸಿಟ್ ಅಂದರೆ ಕೂರು. ನೋ ಅಂದರೆ ಬೇಡ. ಬೆರಳು ತೋರಿಸಿ ಗೋ ಅಂದರೆ ನುಗ್ಗಿ ಹಿಡಿ. ಅಂಗೈ ಎತ್ತಿ ಸ್ಟೇ ಅಂದುಬಿಟ್ಟರೆ ಆಕಾಶ ಕಳಚಿ ಬಿದ್ದರೂ ಇದ್ದಲ್ಲೇ ಇರಬೇಕು. ನಾಯಿ ಹೇಳಿದ ಹಾಗೆ ಕೇಳಿದರೆ ತಲೆ ಸವರಿ ಗುಡ್ ಬಾಯ್ ಅನ್ನಬೇಕು. ಬೆಟ್ಟಮ್ಮ ಹೇಳಿದ ಹಾಗೆ ಕೇಳಿದರೆ ಅವಳಿಗೆ ಏನೂ ಅನ್ನುವ ಪದ್ಧತಿ ಇರಲಿಲ್ಲ.

ಬಂಗಲೆಯೊಳಗೆ ಅವಳು ಕಾಲಿಡುವಂತಿರಲಿಲ್ಲ, ಕೊಟ್ಟಿಗೆ ಪಕ್ಕದ ಒಲೆಯಲ್ಲಿ ನಾಯಿಗೆ ಬೇಯಿಸಬೇಕು. ಅವಳು ಬೇಯಿಸಿದ್ದನ್ನು ನಾಯಿ ತಿನ್ನುತ್ತಿತ್ತು. ಆ ನಾಯಿಯನ್ನು ಮನೆಯವರು ತಬ್ಬಿ ಮುದ್ದಾಡುತ್ತಿದ್ದರು, ಸೋಫಾದ ಮೇಲೂ ಹತ್ತಿಸಿಕೊಳ್ಳುತ್ತಿದ್ದರು. ಅವಳು ಕಾಫಿ ಕುಡಿದ ಲೋಟ ಮಾತ್ರ ಹಿತ್ತಲ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ಮೈಲಿಗೆಗೂ ನಾಯಿ ಕಂಡರೆ ಹೆದರಿಕೆ ಇರಬೇಕು.

ಆ ಸಂಜೆ ಕೂಲಿಗಳ ಲೈನ್ ಮನೆಯಲ್ಲಿ ಅವಳ ಗಂಡ ಗಿಡ್ಡಯ್ಯ ನಕ್ಕೂ ನಕ್ಕೂ ಕೆಮ್ಮಿದ. ಚಾಪೆಯ ಮೇಲಿದ್ದ ಮಾವ ಜವರಯ್ಯ ಮಾತ್ರ ಗಂಭೀರವಾಗಿ ಕೇಳಿದ, “ಅದೇನವ್ವ ಅದು ಗುಡ್ ಬಾಯಿ ಅಂದ್ರೆ?”

“ಒಳ್ಳೇ ಹುಡುಗ ಅಂತ ಮಾವ.”

“ನಾಯಿಗಾ?”

“ಹೂಂ, ನಾಯಿಗೇಯ.”

ಮುದುಕ ಎದ್ದು ಕೂತ. “ಈ ತೋಟ ಕಾಡಾಗಿತ್ತು ಕಣವ್ವ. ಬಂಗ್ಲೆ ಮುಂದ್ಲ ದಾರಿಗೆ ನಾನೇ ಗುದ್ಲಿ ಹಾಕ್ದೆ, ಆ ಸಿಲ್ವರ್ ಮರ ನಾನೇ ನೆಟ್ಟೆ. ಇವ್ನಪ್ಪ ಒಂದಿನಾನೂ ನಂಗೆ ಹಂಗಂದಿಲ್ಲ. ನಾನ್ ಸತ್ರೆ ಆ ದಾರೀಲೇ ಹೊತ್ಕಂಡು ಹೋಗ್ರಿ. ಅಷ್ಟ್ ಮಾಡ್ರಿ ಸಾಕು.”

“ಬುಡ್ತು ಅನ್ನು ಮಾವ,” ಎಂದು ಬೆಟ್ಟಮ್ಮ ಗದರಿದಳು. ಅಷ್ಟರಲ್ಲಿ ಅವಳಿಗೆ ಅಳು ಬಂದಿತ್ತು.

ಕಾಫಿ ರೇಟು ನೆಲಕಚ್ಚಿದ್ದ ಕಾಲ ಅದು. ಹೆತ್ತೂರು ಕಡೆಯ ಒಂದೊಂದೇ ಬಂಗಲೆಗೆ ಹೋಂಸ್ಟೇ ಬೋರ್ಡು ಬಿತ್ತು, ಇಲ್ಲಿಗೂ ಬಿತ್ತು. ಶನಿವಾರ ಬಂತೆಂದರೆ ಕಾರುಗಳು. ಒಂದು ಬೆಳಗ್ಗೆ ಗೆಸ್ಟುಗಳ ತಿಂಡಿಯ ಹೊತ್ತಿಗೆ ನವೀನ್‌ಕುಮಾರ್ ಅವಳನ್ನು ಚಿಟಿಕೆ ಹೊಡೆದು ಅಂಗಳಕ್ಕೆ ಕರೆದ.

“ನಮ್ ಬೆಟ್ಟಿ ಇಂಗ್ಲಿಷ್ ಮಾತಾಡ್ತಾಳೆ ನೋಡಿ. ಹೂಂ, ಹೇಳೇ.”

ಅವಳು ಸೆರಗು ಎಳೆದುಕೊಂಡು ನಿಂತಳು. ಕೂಲಿಂಗ್ ಗ್ಲಾಸ್ ಹಾಕಿದ್ದ ಹೆಂಗಸೊಬ್ಬಳು ಮೊಬೈಲು ಎತ್ತಿ ಹಿಡಿದು ಏನೋ ಕೇಳಿದಳು. ಬೆಟ್ಟಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ. ಸುಮ್ಮನಿದ್ದರೆ ಬೈಗುಳ ಬೀಳುತ್ತದೆ. ಬಲ್ಲ ಮಾತುಗಳಲ್ಲಿ ಮೆತ್ತಗಿನದು ಯಾವುದೆಂದು ತಡಕಾಡಿ, “ಗುಡ್ ಬಾಯ್” ಅಂದಳು.

ಜಗಲಿಗೆ ಜಗಲಿಯೇ ನಕ್ಕಿತು. ಒಬ್ಬ ತಿನ್ನುತ್ತಿದ್ದ ಕಡುಬು ನೆತ್ತಿಗೆ ಹತ್ತಿ ನೀರು ಕುಡಿದ. “ಸಿಟ್ ಅಂದ್ರೆ ಕೂರ್ತಾಳಾ?” ಎಂದು ಇನ್ನೊಬ್ಬ ಕನ್ನಡದಲ್ಲೇ ಕೇಳಿದ. ನವೀನ್‌ಕುಮಾರ್ ಅವಳ ಕಡೆ ಬೆರಳು ತೋರಿಸಿ, “ಸಿಟ್” ಅಂದ.

ಬೆಟ್ಟಮ್ಮ ಕೂತಳು. ಹಸಿ ನೆಲದ ಮೇಲೆ ಕೂತಳು. ಪಕ್ಕದಲ್ಲಿ ಬ್ರೂನೋ ಕೂಡ ಕೂತಿತು. ಅದಕ್ಕೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ. ಆ ದಿನ ಮನೆಗೆ ಬಂದವಳು ಉಣ್ಣಲಿಲ್ಲ.

ಅದಾದ ಮೇಲೆ ಬಂಗಲೆ ಮುಂದಿನ ದಾರಿಗೆ ಬಿದಿರಿನ ತಡೆ ಬಂತು. ಹರಕು ಬಟ್ಟೆಯ ಕೂಲಿಗಳು ಗೆಸ್ಟುಗಳ ಕಣ್ಣಿಗೆ ಬೀಳಬಾರದು, ಲೈನಿನವರು ಹಳ್ಳ ಬಳಸಿಕೊಂಡು ಓಡಾಡಬೇಕು ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಾರಿಹೋದ. ಲೈನಿನವರ ಮಸಣ ಇದ್ದದ್ದು ಬಂಗಲೆಯ ಆಚೆಗೆ.

ಆಷಾಢದ ಒಂದು ಶನಿವಾರ ರಾತ್ರಿ ಜವರಯ್ಯ ತೀರಿಕೊಂಡ. ಬೆಳಗ್ಗೆ ಗಿಡ್ಡಯ್ಯ ಹೋಗಿ ಅಂಗಳದಲ್ಲಿ ಕೈಕಟ್ಟಿ ನಿಂತ. ಬ್ರೂನೋಗೆ ಅನ್ನ ಹಾಕಲು ಬಂದಿದ್ದ ಬೆಟ್ಟಮ್ಮ ಕೊಟ್ಟಿಗೆಯ ಮರೆಯಿಂದ ಎಲ್ಲ ಕೇಳಿಸಿಕೊಂಡಳು. ಮನೆಯಲ್ಲಿ ಹೆಣ ಬಿದ್ದಿದ್ದರೂ ನಾಯಿ ಹಸಿದಿರಬಾರದಲ್ಲ.

“ಅಯ್ಯಾ, ಒಂದೇ ಒಂದ್ ಸಲ ಈ ದಾರಿ ಬುಡಿ. ಅಪ್ಪ ಆಸೆ ಪಟ್ಟಿತ್ತು.”

“ನಿಮ್ ಹೆಣ ನೋಡ್ಕೊಂಡು ಗೆಸ್ಟುಗಳು ತಿಂಡಿ ತಿನ್ಬೇಕೇನ್ಲಾ? ಹಳ್ಳದ ಕಡೆಯಿಂದ ಹೋಗ್ರಿ.”

“ಹಳ್ಳ ಎದೆ ಮಟ್ಟ ಬತ್ತಾ ಐತೆ ಅಯ್ಯಾ. ಹೆಣ ಕೊಚ್ಕಂಡು ಹೋಯ್ತದೆ.”

“ಹೋಗ್ಲಿ ಬಿಡು. ಗುಂಡಿ ತೋಡೋ ಕೆಲ್ಸ ಉಳೀತು.”

ಗಿಡ್ಡಯ್ಯ ತಲೆ ತಗ್ಗಿಸಿಕೊಂಡು ಹಿಂದಿರುಗಿದ. ಲೈನಿನ ಗಂಡಸರು ಹಗ್ಗ ತರೋಣ, ಈಜು ಬಲ್ಲವರನ್ನು ಕರೆಯೋಣ ಎಂದು ಮಾತಾಡಿಕೊಳ್ಳತೊಡಗಿದರು. ಬೆಟ್ಟಮ್ಮ ಬಂದವಳೇ ಪುರಿಯ ಮಂಕರಿ ಕಂಕುಳಿಗೆ ಎತ್ತಿಕೊಂಡಳು.

“ಎತ್ರಿ. ಮಾವ ಮಾಡಿದ್ ದಾರೀಲೇ ನಡೀರಿ.”

“ನಾಯಿ ಬುಡ್ತಾನೆ ಕಣಮ್ಮಿ,” ಎಂದ ಗಿಡ್ಡಯ್ಯ.

“ಬುಡ್ಲಿ. ನಾನ್ ಮುಂದೆ ಇರ್ತೀನಿ.”

ತಮಟೆ ಬಿದಿರಿನ ತಡೆಯವರೆಗೂ ಬಂತು. ಯಾರೋ ಒದ್ದರು, ತಡೆ ಮುರಿಯಿತು. ರೈಟರ್ ಕೊಡೆ ಬೀಸಿಕೊಂಡು ಓಡಿಬಂದು, ತಮಟೆಯವರ ಮುಖ ನೋಡಿ ಪಕ್ಕಕ್ಕೆ ಸರಿದ. ಜಗಲಿಯಲ್ಲಿ ತಿಂಡಿ ತಿನ್ನುತ್ತಿದ್ದವರು ಎದ್ದು ನಿಂತರು. ನವೀನ್‌ಕುಮಾರ್ ನಾಯಿಯ ಸರಪಳಿ ಬಿಚ್ಚಿದ.

“ಸೂಳೆಮಕ್ಳಾ, ಅಲ್ಲೇ ನಿಲ್ರೋ! ಬ್ರೂನೋ, ಗೋ!”

ನಾಯಿ ಬಾಣದಂತೆ ಬಂತು. ಹೊತ್ತವರ ಹೆಜ್ಜೆ ತಪ್ಪಿ ಚಟ್ಟ ವಾಲಿತು. ಜವರಯ್ಯನ ಒಂದು ಕೈ ಬಟ್ಟೆಯಿಂದ ಜಾರಿ ಕೆಳಗೆ ಜೋತಾಡಿತು.

ಬೆಟ್ಟಮ್ಮ ಮಂಕರಿ ಕೆಳಗಿಟ್ಟು ಮುಂದೆ ಬಂದಳು. ಅಂಗೈ ಎತ್ತಿದಳು.

“ನೋ.”

ನಾಯಿ ಕೆಸರಿನಲ್ಲಿ ಜಾರಿ ನಿಂತಿತು.

“ಸಿಟ್.”

ಕೂತಿತು. ಯಜಮಾನ ಹಿಂದಿನಿಂದ ಗೋ, ಗೋ ಎಂದು ಗಂಟಲು ಹರಿದುಕೊಂಡ. ನಾಯಿ ಒಮ್ಮೆ ಅವನ ಕಡೆ ನೋಡಿತು, ಒಮ್ಮೆ ಅವಳ ಕಡೆ ನೋಡಿತು. ಅನ್ನ ಹಾಕುವವಳ ದನಿ ಯಾವ ಜೀವಕ್ಕೆ ಗೊತ್ತಾಗುವುದಿಲ್ಲ?

“ಸ್ಟೇ. ಗುಡ್ ಬಾಯ್.”

ತಮಟೆ ನಿಂತುಹೋಗಿತ್ತು. ಜಗಲಿಯ ಮೇಲೆ ಯಾರೋ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಆ ನಗು ಯಜಮಾನನಿಗೆ ಮುಳ್ಳಿನಂತೆ ಚುಚ್ಚಿತು. ಕೈಗೆ ಸಿಕ್ಕ ಬಡಿಗೆ ಹಿಡಿದು ಮೆಟ್ಟಿಲಿಳಿದು ಬಂದ.

“ಯಾರ ನಾಯಿಗೆ ಯಾರೇ ಹುಕುಂ ಮಾಡೋಳು, ಬೋಳಿಮುಂಡೆ! ಇಲ್ಲೇ ಹೂತಾಕ್ಬಿಡ್ತೀನಿ!”

ನಾಯಿಗೆಂದು ಎತ್ತಿದ ಕೈಯನ್ನು ಬೆಟ್ಟಮ್ಮ ಇನ್ನೂ ಇಳಿಸಿರಲಿಲ್ಲ. ಅದೇ ಅಂಗೈಯನ್ನು ಅವನ ಕಡೆಗೆ ತಿರುಗಿಸಿದಳು. ಅವನೇ ಕಲಿಸಿಕೊಟ್ಟ ದನಿಯಲ್ಲಿ, ಬಾಲ ಸೇರಿಸದೆ ಅಂದಳು.

“ಸ್ಟೇ.”

ಆಮೇಲೆ ಮಾವನ ಕೈಯನ್ನು ಬಟ್ಟೆಯೊಳಗೆ ಸೇರಿಸಿ ಮಂಕರಿ ಎತ್ತಿಕೊಂಡು, ಗಂಡನಿಗೆ, “ನಡಿ” ಎಂದಳು. ತಮಟೆ ಮತ್ತೆ ಶುರುವಾಯಿತು. ಸಿಲ್ವರ್ ಮರಗಳ ನಡುವೆ ಪುರಿ ಎರಚುತ್ತಾ ಅವಳೇ ಮುಂದೆ ನಡೆದಳು.

ಹೆಣ ಹೊತ್ತು ಹೊರಟವರು ಹಿಂದಿರುಗಿ ನೋಡಬಾರದು. ಅವನು ಅಲ್ಲೇ ನಿಂತನೋ, ಬಡಿಗೆ ಎತ್ತಿಕೊಂಡು ಬೆನ್ನ ಹಿಂದೆಯೇ ಬರುತ್ತಿದ್ದನೋ, ಲೈನಿನವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.