ಬಂದೂಕಿನ ಬೆನ್ನೇರಿದ ಕಣ್ಣು

ನಾನೊಂದು ಸ್ಕೋಪು. ಬಂದೂಕಿನ ಬೆನ್ನ ಮೇಲೆ ಕುಳಿತು ದೂರದ ಗುರಿಯನ್ನು ಹತ್ತಿರ ತಂದು ತೋರಿಸುವುದು ನನ್ನ ಕೆಲಸ. ಗುಂಡು ಹಾರಿಸುವುದು ಬಂದೂಕು, ಬೈಸಿಕೊಳ್ಳುವುದು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಜನ್ಮದ ಮುಕ್ಕಾಲು ಸಂಕಟ ಇದರಲ್ಲೇ ಇದೆ. ಇನ್ನೊಂದು ಮಾತು: ಹಕ್ಕಿ, ಹಂದಿ, ಜಿಂಕೆ ಯಾವುದರ ಮೇಲೂ ನಾನು ಗುರಿ ಹಿಡಿದದ್ದಿಲ್ಲ. ನನ್ನ ಮುಂದೆ ನಿಂತು ಗುಂಡು ತಿಂದದ್ದೆಲ್ಲ ಕಾಗದ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಗಾಜುಗಳನ್ನು ಉಜ್ಜಿ, ನುಣುಪು ಮಾಡಿ, ಕಪ್ಪು ಕೊಳವೆಯೊಳಗೆ ಕೂರಿಸಿದರು. ನಡುವೆ ಕೂದಲಿಗಿಂತ ಸಣ್ಣ ಗೆರೆಗಳ ಒಂದು ಶಿಲುಬೆ. ಒಳಗೆ ಮಂಜು ಕಟ್ಟಬಾರದೆಂದು ಒಣಗಾಳಿ ತುಂಬಿ ಬಾಯಿ ಮುಚ್ಚಿದರು. ಗೆರೆಯನ್ನು ಮೇಲೆ ಕೆಳಗೆ ಸರಿಸಲು ತಲೆಯ ಮೇಲೊಂದು ತಿರುಪು, ಎಡಬಲಕ್ಕೆ ಸರಿಸಲು ಪಕ್ಕದಲ್ಲೊಂದು. ತಿರುವಿದರೆ 'ಟಿಕ್' ಎನ್ನುತ್ತವೆ. ನನಗಿರುವ ಮಾತು ಅದೊಂದೇ. ಆದರೆ ಆಡಿದ ಮಾತಿಗೆ ತಪ್ಪಿದ್ದಿಲ್ಲ.

ಹಡಗು, ಲಾರಿ ಹತ್ತಿ ಇಳಿದು ಕೊನೆಗೆ ಹುಬ್ಬಳ್ಳಿಯ ಮುಲ್ಲಾ ಸಾಹೇಬರ ಬಂದೂಕಿನ ಅಂಗಡಿ ಸೇರಿದೆ. ಗಾಜಿನ ಕಪಾಟಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ದೊಡ್ಡಣ್ಣ ಕುಳಿತಿದ್ದ. ನಾನು ಹತ್ತು ಪಟ್ಟು ತೋರಿಸಿದರೆ ಅವನು ಇಪ್ಪತ್ತೈದು ಪಟ್ಟು. ಮೈತುಂಬ ಹೊಳಪು, ಬಾಯಿ ತಂಬಿಗೆಯಷ್ಟು ಅಗಲ. ಬಂದವರೆಲ್ಲ ಅವನನ್ನೇ ಎತ್ತಿಕೊಂಡು ಮುದ್ದಾಡುತ್ತಿದ್ದರು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ಮಧ್ಯಾಹ್ನ ನೀಲಾಂಬಿಕಾ ಬಂದಳು. ಗದಗಿನಲ್ಲಿ ಮದುವೆ ಕಾರ್ಡು, ಕ್ಯಾಲೆಂಡರು ಅಚ್ಚು ಹಾಕುವ ಪ್ರೆಸ್ಸಿನ ಒಡತಿ, ರೈಫಲ್ ಕ್ಲಬ್ಬಿನ ಸದಸ್ಯೆ. ಅವಳ ತೋಳು ಹಿಡಿದು ತಂದೆ ಚನ್ನವೀರಪ್ಪ ಬಂದರು. ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.

"ಬಾಯಾರ, ಇದನ್ನ ನೋಡ್ರಿ," ಎಂದು ಮುಲ್ಲಾ ಸಾಹೇಬರು ದೊಡ್ಡಣ್ಣನನ್ನು ಇಳಿಸಿದರು. "ಮುನ್ನೂರು ಮೀಟರ್ ಆಚೆ ನೊಣ ಕುಂತ್ರೂ ಅದರ ಮೀಸಿ ಕಾಣ್ತಾವ."

ನೀಲಾ ಅವನನ್ನು ಮರಳಿನ ಚೀಲದ ಮೇಲಿಟ್ಟು ಬಾಗಿಲಾಚೆಗೆ ನೋಡಿದಳು. ರಸ್ತೆಯ ಡಾಂಬರು ಕಾದು ಗಾಳಿ ಕುದಿಯುತ್ತಿತ್ತು.

"ನೊಣ ಕಾಣ್ತೈತ್ರಿ ಸಾಹೇಬ್ರ. ಆದ್ರ ನೊಣದ ಸಂಗಟ ಬಿಸಿಲ್ಗುದುರಿನೂ ಕುಣೀತೈತಿ. ನಮ್ಮ ಮೈದಾನದಾಗ ಇದಕ್ಕಿಂತ ಬಿಸಲ ಐತಿ."

ಆಮೇಲೆ ನನ್ನನ್ನು ಇಟ್ಟಳು. ಎದುರಿನ ಬ್ಯಾಂಡ್ ಕಂಪನಿಯ ಬೋರ್ಡಿನಲ್ಲಿ ಒಂದು ಅಕ್ಷರದ ಬಾಲದ ತುದಿಗೆ ನನ್ನ ಗೆರೆ ಹಿಡಿದಳು. ಅಚ್ಚಿನ ಮನೆಯವಳಲ್ಲವೇ, ಅವಳಿಗೆ ಗುರಿಯೂ ಅಕ್ಷರವೇ ಬೇಕು. ತಿರುಪನ್ನು ಬಹಳ ದೂರ ಮೇಲಕ್ಕೆ ತಿರುವಿದಳು, ಬಲಕ್ಕೆ ತಿರುವಿದಳು, ಅಷ್ಟೇ ಕೆಳಕ್ಕೆ, ಅಷ್ಟೇ ಎಡಕ್ಕೆ ತಂದಳು. ನೋಡಿದರೆ ಗೆರೆ ಮತ್ತೆ ಅದೇ ಬಾಲದ ತುದಿಯ ಮೇಲಿತ್ತು. ದೊಡ್ಡಣ್ಣನಿಗೂ ಹಾಗೇ ಮಾಡಿದಳು. ಅವನು ಬಾಲ ಬಿಟ್ಟು ಕೊಂಬಿಗೆ ಹೋಗಿ ನಿಂತ.

"ಅದು ನಡುವ ಒಂದು ಟಿಕ್ ನುಂಗ್ತೈತಿ," ಎಂದರು ಚನ್ನವೀರಪ್ಪ, ಸ್ಟೂಲಿನ ಮೇಲೆ ಕುಳಿತಲ್ಲಿಂದಲೇ. "ಈ ಸಣ್ಣದು ಎಲ್ಲಾ ಒಂದ ಸಮ ಹೇಳ್ತೈತಿ. ಇದನ್ನ ತಗೊಳವಾ."

"ಎಲ್ಲಾರೂ ನಿಮ್ಹಂಗ ಆರಿಸಿದ್ರ ನಾ ಅಂಗಡಿ ಮುಚ್ಚಿ ಭಜಿ ಕರೀಬೇಕ್ರಿ," ಎನ್ನುತ್ತ ಮುಲ್ಲಾ ಸಾಹೇಬರು ನನ್ನನ್ನು ಡಬ್ಬಿಗೆ ಹಾಕಿದರು. ದೊಡ್ಡಣ್ಣನ ಕಡೆ ನಾನು ತಿರುಗಿಯೂ ನೋಡಲಿಲ್ಲ. ಅಷ್ಟು ಸೊಕ್ಕು ಬಂದಿತ್ತು.

ಗದಗಿನ ಹೊರಗೆ, ಕಪ್ಪತಗುಡ್ಡದ ಕಡೆಗೆ ಹೋಗುವಾಗ ಸಿಗುವ ಒಂದು ಹಳೆಯ ಕಲ್ಲುಗಣಿಯೇ ನಮ್ಮ ಕ್ಲಬ್ಬಿನ ಮೈದಾನ. ಆಚೆ ತುದಿಯಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಕಾಗದ. ಹಿಂದಿನ ಗುಡ್ಡದ ಸಾಲಿನಲ್ಲಿ ಬಿಳಿಯ ಗಾಳಿಯಂತ್ರಗಳು. ಹೊಸಬರು ಆ ಯಂತ್ರ ತಿರುಗುವುದನ್ನು ನೋಡಿ ಗಾಳಿಯ ಲೆಕ್ಕ ಹಾಕುತ್ತಿದ್ದರು. ಗುಡ್ಡದ ಗಾಳಿ ಒಂದಾದರೆ ಗಣಿಯ ಗಾಳಿ ಇನ್ನೊಂದು, ಅದು ಅವರಿಗೆ ತಿಳಿಯುತ್ತಿರಲಿಲ್ಲ. ನೀಲಾ ನನ್ನೊಳಗಿಂದ ಬಿಸಿಲುಗುದುರೆಯನ್ನೇ ನೋಡುತ್ತಿದ್ದಳು. ಅದು ಎಡಕ್ಕೆ ಓಡಿದರೆ ಗಾಳಿ ಎಡಕ್ಕೆ, ನೆಟ್ಟಗೆ ಕುದಿದರೆ ಗಾಳಿ ಇಲ್ಲ. ದೊಡ್ಡಣ್ಣನಲ್ಲಿ ಕಣ್ಣು ಕಟ್ಟುತ್ತಿದ್ದ ಕುದುರೆ ನನ್ನಲ್ಲಿ ದಾರಿ ಹೇಳುತ್ತಿತ್ತು.

ಪ್ರತಿ ಭಾನುವಾರ ಚನ್ನವೀರಪ್ಪ ಮಗಳ ಜೊತೆ ಬಂದು ಬೇವಿನ ನೆರಳಿಗೆ ಕೂರುತ್ತಿದ್ದರು. ಆರಂಭಕ್ಕೆ ಮುಂಚೆ ಅವರದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು.

"ನೀಲಾ, ಗಾಳಿಯಂತ್ರದ ರೆಕ್ಕಿ ಎಷ್ಟು ಕಾಣ್ತಾವ?"

ಅವಳು ಗುಂಡು ಹಾರದಂತೆ ಬಂದೂಕಿನ ಬೋಲ್ಟು ಬಿಚ್ಚಿ ಪಕ್ಕಕ್ಕಿಟ್ಟು, ಟಕ್ ಎಂದು ನನ್ನ ಮುಚ್ಚಳ ತೆರೆದು, ಗುಡ್ಡದ ಕಡೆ ನೋಡುತ್ತಿದ್ದಳು. "ಮೂರೂ ಅದಾವ ಅಪ್ಪಾ."

ಇದು ಬರೀ ತಮಾಷೆಯಲ್ಲ ಎಂದು ನನಗೆ ತಡವಾಗಿ ತಿಳಿಯಿತು. ಚನ್ನವೀರಪ್ಪ ಹಿಂದೆ ಅದೇ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ಸಾಲಿನ ತುದಿಯ ಅಕ್ಷರ ತಪ್ಪತೊಡಗಿದಾಗ ಕೆಲಸದ ದಣಿವು ಎಂದುಕೊಂಡರು. ಅದು ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ಏರಿ ನೋಟವನ್ನು ಅಂಚಿನಿಂದ ತಿನ್ನುತ್ತ ಬರುವ ಕಾಯಿಲೆ. ಗೊತ್ತಾಗುವ ಹೊತ್ತಿಗೆ ಕಾಲ ಮೀರಿತ್ತು. ತಂದೆಯಿಂದ ಮಕ್ಕಳಿಗೆ ಬರಬಹುದಾದ ಕಾಯಿಲೆ ಎಂದು ಡಾಕ್ಟರು ಆಗಲೇ ಹೇಳಿದ್ದರು. ಅಪ್ಪನಿಗೆ ಕಣ್ಣು ಹೋಗಲು ಶುರುವಾದ ವಯಸ್ಸಿಗೆ ನೀಲಾ ಈಗ ಬಂದಿದ್ದಳು. ಕಣ್ಣಿನ ಡಾಕ್ಟರ ಹತ್ತಿರ ಹೋಗು ಎಂದರೆ ನಾಳೆ, ನಾಡಿದ್ದು ಎನ್ನುತ್ತಿದ್ದಳು. ಹೆದರಿಕೆ ಇದ್ದವರಿಗೆ ಆಸ್ಪತ್ರೆ ಯಾವಾಗಲೂ ದೂರ.

ಹೀಗಿರುವಾಗ ಮಹಾನವಮಿ ಬಂತು. ನೀಲಾ ವರ್ಷಕ್ಕೊಮ್ಮೆ ಬಂದೂಕನ್ನು ಮೂಲೆಮೂಲೆ ಬಿಡದೆ ಒರೆಸುವುದು ಪೂಜೆಯ ಹಿಂದಿನ ದಿನವೇ. ಮರುದಿನ ಅವಳ ತಾಯಿ ಗುರುಸಿದ್ಧವ್ವ ಮಷೀನಿಗೂ, ಕಾಗದ ಕತ್ತರಿಸುವ ಯಂತ್ರಕ್ಕೂ, ನಮಗೂ ಚೆಂಡು ಹೂವಿನ ಮಾಲೆ ಹಾಕಿ ಪೂಜೆಗೆ ನಿಂತರು. ಕುಂಕುಮದ ಬೆರಳು ನೆಟ್ಟಗೆ ನನ್ನ ಗಾಜಿನ ಕಡೆಗೇ ಬಂತು!

"ಯವ್ವಾ, ಕಣ್ಣಿಗೆ ಬ್ಯಾಡಬೇ!" ಎಂದು ನೀಲಾ ಕಿರುಚಿದಳು.

"ದೇವರಿಗೆ ಹಣಿ ಇರ್ತೈತಿ, ಇದಕ್ಕೆಲ್ಲಿ ಐತಿ ಹೇಳವಾ ಮತ್ತ," ಎನ್ನುತ್ತ ಅವರು ನನ್ನ ತಿರುಪಿನ ಮೇಲೆ ಬೊಟ್ಟಿಟ್ಟರು. ಗಾಜು ಉಳಿಯಿತಲ್ಲ ಎಂದು ನೀಲಾ ನಿಟ್ಟುಸಿರು ಬಿಟ್ಟಳು, ನಾನೂ ಬಿಟ್ಟೆ. ಆ ಸಂಭ್ರಮದಲ್ಲಿ ಗುರುಸಿದ್ಧವ್ವ ಹಿಡಿ ತುಂಬ ಅಕ್ಷತೆ ತೂರಿದರು. ಅವರದು ದೊಡ್ಡ ಕೈ. ಕಾಳುಗಳು ನನ್ನ ಮೇಲೆ ಚಟಪಟ ಬಿದ್ದು ಎಲ್ಲೆಲ್ಲೋ ಉರುಳಿದವು.

ಮುಂದಿನ ಭಾನುವಾರದಿಂದ ನಮ್ಮ ದೆಸೆ ಕೆಟ್ಟಿತು. ಮೊದಲ ಎರಡು ಮೂರು ಗುಂಡು ನಡುವಿಗೇ ಬೀಳುತ್ತಿದ್ದವು. ಆಮೇಲಿನವು ಒಂದೊಂದಾಗಿ ಎಡಕ್ಕೆ ಸರಿಯುತ್ತಿದ್ದವು. ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಮತ್ತೆ ನಡುವಿಗೆ, ಮತ್ತೆ ಎಡಕ್ಕೆ. ವಾರ ಕಳೆಯಿತು, ತಿಂಗಳು ಕಳೆಯಿತು, ಅದೇ ಕಥೆ.

"ಸ್ಕೋಪ್ ದಣಿದೈತ್ರಿ," ಎಂದು ತೀರ್ಪು ಕೊಟ್ಟವರು ಕ್ಲಬ್ಬಿನ ವಿರೂಪಾಕ್ಷ ಪತ್ತಾರರು. ಬಂಗಾರದ ಅಂಗಡಿಯವರು, ಯಾವ ಸಾಮಾನು ಹೊಸದಾಗಿ ಬಂದರೂ ಮೊದಲು ಕೊಳ್ಳುವವರು. ಮುಲ್ಲಾ ಸಾಹೇಬರ ಅಂಗಡಿಯಿಂದ ದೊಡ್ಡಣ್ಣನನ್ನು ಕೊಂಡವರೂ ಅವರೇ. "ಹತ್ತು ಪಟ್ಟಿನ ಡಬ್ಬಿ ನೆಚ್ಚಿಕೊಂಡು ಕುಂತ್ರ ಹಿಂಗ ಆಗೋದು. ನಂದು ಹಾಕಿ ನೋಡ್ರಿ, ಆಮ್ಯಾಲ ಹೇಳ್ರಿ."

ನಿಜ ಹೇಳುತ್ತೇನೆ, ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ಒಳಗಿನ ಸ್ಪ್ರಿಂಗು ಸಡಿಲವಾಯಿತೇ? ಗೆರೆ ಜಾರುತ್ತಿದೆಯೇ? ಮನುಷ್ಯರಾದರೆ ನಾಡಿ ಹಿಡಿದು ನೋಡಿಕೊಳ್ಳಬಹುದು. ನಾನು ಕಣ್ಣು, ಕಣ್ಣಿಗೆ ತನ್ನೊಳಗು ಕಾಣುವುದಿಲ್ಲ. ನೀಲಾ ತಿರುಪುಮೊಳೆ ಬಿಚ್ಚಿ ನನ್ನನ್ನು ಇಳಿಸಿದಳು. ನನ್ನ ಜಾಗದಲ್ಲಿ ದೊಡ್ಡಣ್ಣ ಏರಿದ. ಬೆಂಚಿನ ಮೇಲೆ ಒರಗಿ ಅದನ್ನು ನೋಡಬೇಕಾಗಿ ಬಂದದ್ದಕ್ಕಿಂತ ದೊಡ್ಡ ಅವಮಾನ ನನಗೆ ಬೇರೆ ಆಗಿಲ್ಲ.

ಗುಂಡು ಮೊದಲು ನಡುವಿಗೆ ಬಿದ್ದವು. ಆಮೇಲೆ ಎಡಕ್ಕೆ ಸರಿದವು.

ಸ್ಕೋಪಿನದಲ್ಲ! ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ನೀಲಾಳ ಮುಖ ನೋಡಿ ಆ ಖುಷಿ ಅಲ್ಲೇ ಸತ್ತಿತು. ತಪ್ಪು ಸ್ಕೋಪಿನದಲ್ಲ ಎಂದರೆ ಅವಳಿಗೆ ಉಳಿದದ್ದು ಒಂದೇ ಅರ್ಥ. ಎರಡು ಮೂರು ಗುಂಡಿಗೆ ಕಣ್ಣು ದಣಿಯುತ್ತಿದೆ. ಅಪ್ಪನೂ ಮೊದಲು ದಣಿವು ಎಂದೇ ಅಂದುಕೊಂಡಿದ್ದರು.

ಅವಳು ದೊಡ್ಡಣ್ಣನನ್ನು ಮರಳಿಸಿ, ನನ್ನನ್ನು ಮತ್ತೆ ಬಂದೂಕಿಗೆ ಕೂರಿಸಿದಳು.

"ನೀಲಾ, ರೆಕ್ಕಿ ಎಷ್ಟು ಕಾಣ್ತಾವ?" ಎಂದರು ಬೇವಿನ ಕೆಳಗಿಂದ ಚನ್ನವೀರಪ್ಪ.

"ಮೂರು ಅಪ್ಪಾ."

ಮುದುಕರು ತಲೆ ಎತ್ತಿದರು. "ಮುಚ್ಚಳ ತಗದ ಸಪ್ಪಳ ಕೇಳಲಿಲ್ಲ," ಎಂದರು. ನೀಲಾ ಬಂದೂಕನ್ನು ಚೀಲಕ್ಕೆ ಹಾಕತೊಡಗಿದಳು.

ಎರಡು ದಿನದ ನಂತರ, ಸಂಜೆ, ಅವಳು ಬಂದೂಕನ್ನು ಪ್ರೆಸ್ಸಿನ ಮೇಜಿನ ಮೇಲೆ ಮಲಗಿಸಿದಳು. ಕ್ಲಬ್ಬಿಗೆ ಒಪ್ಪಿಸಿಬಿಡುವುದೆಂದು ತೀರ್ಮಾನಿಸಿದ್ದಳು. ಕೊಡುವ ಮುಂಚೆ ಚೊಕ್ಕ ಮಾಡಿ ಕೊಡಬೇಕಲ್ಲ. ತಂದೆ ಪಕ್ಕದ ಕುರ್ಚಿಯಲ್ಲಿದ್ದರು, ತಾಯಿ ಬಾಗಿಲಲ್ಲಿ ನಿಂತು ಹೂ ಕಟ್ಟುತ್ತಿದ್ದರು.

"ಯಾಕ ಕೊಡಾಕತ್ತಿ ಅಂತ ಬಾಯಿಬಿಟ್ಟು ಹೇಳು," ಎಂದರು ಚನ್ನವೀರಪ್ಪ.

ನೀಲಾ ಒರೆಸುವುದನ್ನು ನಿಲ್ಲಿಸಿದಳು. "ನನಗ ಹೆದರಿಕಿ ಆಗೈತಿ ಅಪ್ಪಾ. ನಿಮ್ಮಂಗ ಆಗಾಕತ್ತೈತಿ." ಅಷ್ಟು ಹೇಳಿ ಅತ್ತಳು. ಅವಳು ಅತ್ತದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ತಂದೆ ತಡಕಾಡಿ ಅವಳ ತಲೆ ಹುಡುಕಿ ಕೈ ಇಟ್ಟರು. "ನಾಳೆ ಇಬ್ಬರೂ ಕೂಡೆ ಡಾಕ್ಟರ್ ಕಡೆ ಹೋಗೂಣು. ಈಗ ಕೈಯಾಗಿಂದು ಮುಗಸು."

ಇಲ್ಲಿ ಒಂದು ವಿಷಯ ಹೇಳಬೇಕು. ಇಂಥ ಬಂದೂಕಿನ ನಳಿಕೆ ತನ್ನ ಕೆಳಗಿನ ಮರಕ್ಕೆ ತಾಗಬಾರದು. ನಡುವೆ ಕಾಗದ ತೂರುವಷ್ಟು ಸಂದು ಇರಲೇಬೇಕು. ಗುಂಡು ಹಾರಿದಂತೆ ನಳಿಕೆ ಕಾಯುತ್ತದೆ, ಕಾದದ್ದು ಹಿಗ್ಗುತ್ತದೆ, ಯಾವುದಕ್ಕೂ ಒರಗದೆ ಹಿಗ್ಗಿದರಷ್ಟೇ ನೆಟ್ಟಗೆ ಇರುತ್ತದೆ. ಆ ಸಂದಿನ ಧೂಳು ತೆಗೆಯಲು ನೀಲಾ ಮದುವೆ ಕಾರ್ಡಿನ ಉಳಿಕೆ ಕಾಗದದ ಉದ್ದ ಪಟ್ಟಿಯೊಂದನ್ನು ತೂರಿಸಿ, ಎರಡೂ ತುದಿ ಹಿಡಿದು ಎಳೆಯತೊಡಗಿದಳು. ಸರ್ ಎಂದು ಸದ್ದು ಮಾಡುತ್ತ ಪಟ್ಟಿ ಸಾಗಿತು. ಆಮೇಲೆ ನಿಂತಿತು.

"ಯಾಕ ನಿಂತು?" ಎಂದರು ಚನ್ನವೀರಪ್ಪ.

"ಏನೋ ಸಿಕ್ಕೈತಿ." ಅವಳು ಕಣ್ಣೊರೆಸಿಕೊಂಡು, ಸಣ್ಣ ಕಡ್ಡಿಯಿಂದ ಬಲಮಗ್ಗುಲಿನಲ್ಲಿ ಕೆದಕಿದಳು. ಟಪ್ ಎಂದು ಏನೋ ಮೇಜಿಗೆ ಬಿತ್ತು. ಚನ್ನವೀರಪ್ಪ ಅದನ್ನು ಬೆರಳ ತುದಿಯಲ್ಲಿ ಹೊರಳಿಸಿದರು. ಸೀಸದ ಮೊಳೆಗಳನ್ನು ಮುಟ್ಟಿಯೇ ಓದುತ್ತಿದ್ದ ಬೆರಳು ಅವು.

"ಅಕ್ಕಿಕಾಳು!"

ಹಳದಿ ಹತ್ತಿದ, ಕಲ್ಲಿನಂತೆ ಗಟ್ಟಿಯಾದ ಒಂದು ಅಕ್ಷತೆಕಾಳು. ನಳಿಕೆಗೂ ಮರಕ್ಕೂ ನಡುವೆ ಬಲಕ್ಕೆ ಸಿಕ್ಕಿಕೊಂಡು, ಕಾದು ಹಿಗ್ಗಿದ ನಳಿಕೆಯನ್ನು ಪ್ರತಿ ಸಲವೂ ಎಡಕ್ಕೆ ನೂಕುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನೀಲಾ ಕಾಳನ್ನು ನೋಡಿದಳು, ಬಾಗಿಲಲ್ಲಿದ್ದ ತಾಯಿಯನ್ನು ನೋಡಿದಳು.

"ಅಯ್ಯ ಶಿವನ!" ಗುರುಸಿದ್ಧವ್ವನ ಕೈಯಿಂದ ಹೂವಿನ ದಾರ ಜಾರಿತು. "ಕಣ್ಣಿಗೆ ಹಚ್ಚಬ್ಯಾಡ ಅಂದಿ, ಹಚ್ಚಲಿಲ್ಲ. ಅಕ್ಕಿಕಾಳು ಹಾಕಬ್ಯಾಡ ಅಂತ ಅಂದಿದ್ದೇನು?"

ಅಳು ಪೂರ್ತಿ ಮುಗಿಯುವ ಮುಂಚೆಯೇ ನೀಲಾಗೆ ನಗು ಬಂತು. ಅವಳು ನಕ್ಕಳು, ಮುದುಕರು ನಕ್ಕರು, ಕೊನೆಗೆ ಗುರುಸಿದ್ಧವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನ್ನ ಎದೆಯ ಮೇಲಿದ್ದ ಚಪ್ಪಡಿ ಇಳಿದಂತಾಯಿತು. ನನ್ನ ಕಣ್ಣೂ ನೆಟ್ಟಗಿತ್ತು, ಅವಳ ಕಣ್ಣೂ ನೆಟ್ಟಗಿತ್ತು.

ಆದರೂ ಮರುದಿನ ಅವರು ಡಾಕ್ಟರ ಹತ್ತಿರ ಹೋದರು. ಚನ್ನವೀರಪ್ಪ ಬಿಡಲಿಲ್ಲ. ಕಣ್ಣಿನ ಒತ್ತಡ ಸರಿಯಾಗಿದೆ, ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು, ಸದ್ಯಕ್ಕೆ ಬಂದಿರುವುದು ಚಾಳೀಸು ಒಂದೇ ಎಂದು ಡಾಕ್ಟರು ಹೇಳಿದರಂತೆ. ಓದುವ ಕನ್ನಡಕ ಹಾಕಿಕೊಂಡು ಮನೆಗೆ ಬಂದ ಮಗಳಿಗೆ ತಾಯಿ ದೃಷ್ಟಿ ತೆಗೆದರು. ಭಾನುವಾರ ಮೈದಾನದಲ್ಲಿ ಹತ್ತೂ ಗುಂಡು ಒಂದು ಲಿಂಬೆಹಣ್ಣಿನ ಅಗಲದೊಳಗೆ ಬಿದ್ದವು. ಪತ್ತಾರರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹತ್ತು ಪಟ್ಟಿಂದು ಎಲ್ಲಿ ಸಿಗ್ತೈತ್ರಿ?" ಎಂದು ಕೇಳಿದರು. ಆ ಮಾತು ನೆನೆಸಿಕೊಂಡರೆ ಇವತ್ತಿಗೂ ನನಗೆ ಹಬ್ಬ.

ಅದೆಲ್ಲ ಹಳೆಯ ಮಾತು. ಈಗ ನನ್ನ ರಬ್ಬರು ಒಣಗಿ ಬಿರುಕು ಬಿಟ್ಟಿದೆ, ಒಳಗಿನ ಒಣಗಾಳಿ ಸೋರಿ ಗಾಜಿನ ಅಂಚಿಗೆ ಮಬ್ಬು ಕಟ್ಟಿದೆ. ಬಂದೂಕಿಗೆ ಹೊಸ ಸ್ಕೋಪು ಬಂದಿದೆ. ಹನ್ನೆರಡು ಪಟ್ಟಿನದು, ಒಳ್ಳೆಯ ಹುಡುಗ. ಮಹಾನವಮಿಗೆ ಈಗಲೂ ಪೂಜೆಯಾಗುತ್ತದೆ. ಗುರುಸಿದ್ಧವ್ವ ಮೊದಲು ಬಂದೂಕಿಗೆ ಹಳೆಯ ಇಳಕಲ್ ಸೀರೆಯೊಂದನ್ನು ತಲೆಯಿಂದ ಬುಡದವರೆಗೆ ಹೊದಿಸಿ, ಆಮೇಲೆ ಹಿಡಿ ತುಂಬ ಅಕ್ಷತೆ ಹಾಕುತ್ತಾರೆ. ಕೈಯಂತೂ ಸಣ್ಣದಾಗಿಲ್ಲ.

ನಾನಿರುವುದು ಮಾಳಿಗೆಯ ಕಿಟಕಿಕಟ್ಟೆಯ ಮೇಲೆ, ಚನ್ನವೀರಪ್ಪನವರ ಕುರ್ಚಿಯ ಪಕ್ಕ. ಇಲ್ಲಿಂದ ಊರಾಚೆಯ ಗಾಳಿಯಂತ್ರಗಳು ಕಾಣುತ್ತವೆ. ಇವತ್ತು ನೀಲಾ ವರ್ಷದ ಕಣ್ಣಿನ ಪರೀಕ್ಷೆ ಮುಗಿಸಿಕೊಂಡು ಬಂದಳು. ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದ್ದನ್ನು ಮೆಟ್ಟಿಲು ಹತ್ತುತ್ತಲೇ ಹೇಳಿದಳು. ಮುದುಕರಿಗೆ ಅಷ್ಟು ಸಾಲದು.

"ಡಾಕ್ಟರ್ ಮಾತು ಇರ್ಲಿ. ರೆಕ್ಕಿ ಎಷ್ಟು ಕಾಣ್ತಾವ?"

ಟಕ್ ಎಂದು ನನ್ನ ಮುಚ್ಚಳ ತೆರೆಯಿತು. ಚನ್ನವೀರಪ್ಪ ಅದನ್ನು ಕೇಳಿಸಿಕೊಂಡು ಕುರ್ಚಿಗೆ ಒರಗಿದರು. ನನ್ನ ಮಬ್ಬು ಅಂಚಿನ ನಡುವೆ ಉಳಿದ ತಿಳಿಗಾಜಿನಲ್ಲಿ ನಾನು ಗುಡ್ಡವನ್ನು ಹತ್ತಿರ ತಂದೆ.

"ಮೂರೂ ಅದಾವ ಅಪ್ಪಾ. ಎಡಗಡಿ ಯಂತ್ರ ನಿಂತೈತಿ. ರಿಪೇರಿಗೆ ಮ್ಯಾಲ ಯಾರೋ ಹತ್ಯಾರ. ತಲಿ ಮ್ಯಾಲ ಹಳದಿ ಟೊಪಗಿ."

"ಟೊಪಗಿ ಬಣ್ಣನೂ ಕಾಣ್ತೈತಿ?"

"ಕಾಣ್ತೈತಿ."

"ಹಂಗಾರ ಇನ್ನೊಂದು ವರ್ಷ ನಾ ನಿಶ್ಚಿಂತಿ," ಎಂದು ಮುದುಕರು ಕೈ ಚಾಚಿ ನನ್ನ ಮುಚ್ಚಳ ಮುಚ್ಚಿದರು.